ಮನೆಯಲ್ಲಿ ಡೆಸ್ಕ್‌ಟಾಪ್ ಇದೆ, ಜೊತೆಗೆ ಯಾವ ಲ್ಯಾಪ್‌ಟಾಪ್ ತರೋಣ?

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. ಮದುವೆ ಕಾಗದ, ಸಂಘಗಳ ವಾರ್ಷಿಕ ವರದಿ, ದೇವಸ್ಥಾನದ ಕರಪತ್ರ, ಮೂರ್ನಾಲ್ಕು ಅಂಗಡಿಗಳ ಲೆಕ್ಕ, ಎಲ್ಲಾ ಅದರಲ್ಲೇ. ಊರಿರುವುದು ತೀರ್ಥಹಳ್ಳಿಯಿಂದ ಇನ್ನೂ ಮುಂದೆ. ಅಪ್ಪಯ್ಯ, ಅಮ್ಮ ಅಲ್ಲಿದ್ದಾರೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ವಾಪಸ್ಸು. ಅಡಿಕೆ ಕೊಯ್ಲು ಶುರುವಾದರೆ ವಾರಗಟ್ಟಲೆ ಅಲ್ಲೇ ಇರಬೇಕಾಗುತ್ತದೆ. ಕೆಲಸ ಮಾತ್ರ ಕಾಯುವುದಿಲ್ಲ.

ಡೆಸ್ಕ್‌ಟಾಪ್ ಜೊತೆಗೆ ಒಂದು ಸಾದಾ ಲ್ಯಾಪ್‌ಟಾಪ್ ಬೇಕು ಅನ್ನುವ ಮಾತು ನಮ್ಮ ಮನೆಯಲ್ಲಿ ಹುಟ್ಟಿದ್ದು ಹೀಗೆ. ಈವರೆಗೆ ನನಗಾಗಿ ಎರಡು ಕೊಂಡಿದ್ದೇನೆ. ಒಂದು ಸರಿಹೋಗಲಿಲ್ಲ, ಇನ್ನೊಂದು ಈಗಲೂ ಜೊತೆಗಿದೆ. ನೆಂಟರ ಜೊತೆ ಅಂಗಡಿಗೆ ಹೋಗಿ ಕೊಡಿಸಿದ್ದು ಇನ್ನೂ ಜಾಸ್ತಿ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಇಷ್ಟು ದುಡ್ಡಿಗೆ ಯಾವುದು ಒಳ್ಳೇದು?" ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದವರು ಮೊದಲು ಮನೆಯಲ್ಲೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಡೆಸ್ಕ್‌ಟಾಪ್ ಕೈಲಿ ಆಗದೇ ಇರುವುದು ಏನು? ಫೋಟೋ ತಿದ್ದುವುದು, ವಿಡಿಯೋ ಕತ್ತರಿಸುವುದು, ಮಕ್ಕಳ ಆಟ, ಎಲ್ಲಾ ಅದು ಮಾಡುತ್ತದೆ. ಅದಕ್ಕೆ ಆಗದ್ದು ಮೂರೇ. ಕರೆಂಟಿಲ್ಲದೆ ನಡೆಯುವುದಿಲ್ಲ. ಚೀಲದಲ್ಲಿ ಬರುವುದಿಲ್ಲ. ಜಗಲಿಗೆ ಎತ್ತಿಕೊಂಡು ಹೋಗಿ ಕೂರಲು ಆಗುವುದಿಲ್ಲ. ಲ್ಯಾಪ್‌ಟಾಪ್‌ಗೆ ಹಾಕುವ ದುಡ್ಡು ಈ ಮೂರಕ್ಕೆ ಹೋಗಬೇಕು. ಅಂದರೆ ಬ್ಯಾಟರಿ, ತೂಕ, ಪರದೆ, ಕೀಬೋರ್ಡ್. ಗ್ರಾಫಿಕ್ಸ್ ಕಾರ್ಡು, ದೊಡ್ಡ ಪ್ರೊಸೆಸರ್ ಅಂತ ಮತ್ತೊಮ್ಮೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಆ ದುಡ್ಡಿದ್ದರೆ ಡೆಸ್ಕ್‌ಟಾಪ್‌ಗೆ ಒಂದು ಎಸ್‌ಎಸ್‌ಡಿ, ಅಂದರೆ ಫೈಲು ಇಡುವ ವೇಗದ ಡಿಸ್ಕ್, ಹಾಕಿಸಿ.

ಕರೆಂಟಿನ ಲೆಕ್ಕ

ನಮ್ಮ ಮಳೆಗಾಲ ಗೊತ್ತೇ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಲೈನು ಹೋಗಿರುವುದು ಕಾಡಿನ ನಡುವೆ. ಗಾಳಿಗೆ ಒಂದು ಕೊಂಬೆ ಮುರಿದು ತಂತಿ ಮೇಲೆ ಬಿದ್ದರೆ ಸಾಕು, ಆ ಕಡೆ ಪೂರ್ತಿ ಕತ್ತಲೆ. ಲೈನ್‌ಮನ್‌ಗಳು ಸುರಿಯುವ ಮಳೆಯಲ್ಲೇ ಕಂಬ ಹತ್ತುತ್ತಾರೆ. ಆದರೂ ಕೆಲವು ಸಲ ಎರಡು ದಿನ ಹಿಡಿಯುತ್ತದೆ.

ಡೆಸ್ಕ್‌ಟಾಪ್, ಮಾನಿಟರ್ ಎರಡೂ ಸೇರಿ ಸಾದಾ ಕೆಲಸಕ್ಕೆ ನೂರಿಪ್ಪತ್ತು ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಅಷ್ಟರಲ್ಲಿ 9 ವಾಟಿನ ಎಲ್‌ಇಡಿ ಬಲ್ಬು ಹದಿಮೂರು ಉರಿಯುತ್ತವೆ. ಟೈಪ್ ಮಾಡುವ, ಮೇಲ್ ನೋಡುವ ಲ್ಯಾಪ್‌ಟಾಪ್‌ಗೆ 8ರಿಂದ 12 ವಾಟ್ ಸಾಕು. ಒಂದು ಬಲ್ಬಿನಷ್ಟು. 600 ವಿಎ ಯುಪಿಎಸ್ ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ಹಿಡಿದುಕೊಳ್ಳುತ್ತದೆ. ಅದು ಫೈಲ್ ಸೇವ್ ಮಾಡಿ ಬಂದ್ ಮಾಡುವುದಕ್ಕೆ ಮಾತ್ರ. ಮನೆಗೆ ಇನ್ವರ್ಟರ್ ಇದ್ದರೂ ಡೆಸ್ಕ್‌ಟಾಪ್ ಹಚ್ಚಿದರೆ ರಾತ್ರಿ ದೀಪಕ್ಕೆ ಏನೂ ಉಳಿಯುವುದಿಲ್ಲ. ಲ್ಯಾಪ್‌ಟಾಪ್ ಆದರೆ ಅಮ್ಮ ಬೈಯುವುದಿಲ್ಲ.

ಡಬ್ಬಿ ಮೇಲೆ ಬರೆದ "10 ಗಂಟೆ ಬ್ಯಾಟರಿ" ಅನ್ನುವುದನ್ನು ನಂಬಿ ಕೂರಬೇಡಿ. ಅದು ಪರದೆಯ ಬೆಳಕು ಇಳಿಸಿ, ಸುಮ್ನೆ ಒಂದು ವಿಡಿಯೋ ಓಡಿಸಿ ತೆಗೆದ ಲೆಕ್ಕ. ಬ್ಯಾಟರಿ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ ವಾಟ್ ಅವರ್. ಅದು ಎಷ್ಟು ಎಂದು ಕೇಳಿ, ಲ್ಯಾಪ್‌ಟಾಪ್ ಎಳೆಯುವ ಸುಮಾರು ಹತ್ತು ವಾಟಿನಿಂದ ಭಾಗಿಸಿ. 42 ವಾಟ್ ಅವರ್ ಇದ್ದರೆ ನಾಲ್ಕು ಗಂಟೆ ಚಿಲ್ಲರೆ, 57 ಇದ್ದರೆ ಐದೂವರೆ ಗಂಟೆ. ಬೆಳಿಗ್ಗೆ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಲು ನಾಲ್ಕೂವರೆ ಗಂಟೆ ಹತ್ತಿರ ಬೇಕು. ದಾರಿಯುದ್ದಕ್ಕೂ ಕೆಲಸ ಮಾಡುವವರಿಗೆ 42 ಸಾಲುವುದಿಲ್ಲ, 50ರ ಮೇಲೆ ಇರಲಿ.

ಇದರ ಜೊತೆಗೆ ಟೈಪ್-ಸಿ ಕಿಂಡಿಯಲ್ಲಿ ಚಾರ್ಜ್ ಆಗುತ್ತದಾ ಎಂದು ಕೇಳಲೇಬೇಕು. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಕಿಂಡಿ ಇರುತ್ತದೆ, ಆದರೆ ಅದರಲ್ಲಿ ಚಾರ್ಜ್ ಆಗುವುದಿಲ್ಲ, ಬರೀ ಪೆನ್‌ಡ್ರೈವ್ ಹಾಕಲು. ಚಾರ್ಜ್ ಆಗುವಂಥದ್ದಾದರೆ 65 ವಾಟಿನ ಒಂದು ಚಾರ್ಜರ್ ಫೋನಿಗೂ ಇದಕ್ಕೂ ಆಗುತ್ತದೆ. ಅಷ್ಟು ವಾಟ್ ಕೊಡುವ ಪವರ್ ಬ್ಯಾಂಕ್ ಇದ್ದರೆ, ಇಲ್ಲವೇ ಕಾರಿನಲ್ಲಿ ಹಾಕುವ ಚಾರ್ಜರ್ ಇದ್ದರೆ, ಕರೆಂಟು ಹೋದ ಎರಡನೇ ದಿನವೂ ಕೆಲಸ ನಡೆಯುತ್ತದೆ.

ಸಂಜೆ ಹೊತ್ತು ಹಳ್ಳಿಯಲ್ಲಿ ವೋಲ್ಟೇಜ್ ಇಳಿಯುತ್ತದಲ್ಲ, ಆಗ ಯುಪಿಎಸ್ ಕುಂಯ್ ಕುಂಯ್ ಎಂದು ಕೂಗಲು ಶುರುಮಾಡುತ್ತದೆ. ಲ್ಯಾಪ್‌ಟಾಪ್ ಅಡಾಪ್ಟರ್ ಹಿಂದೆ ಸಣ್ಣ ಅಕ್ಷರದಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. 150 ವೋಲ್ಟ್ ಇದ್ದರೂ ಅದು ತನ್ನ ಪಾಡಿಗೆ ಚಾರ್ಜ್ ಮಾಡುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ. ನಮ್ಮ ಕಡೆಗೆ ಇದೇ ದೊಡ್ಡ ಅನುಕೂಲ.

ಇನ್ನೊಂದು, ಕೀಬೋರ್ಡಿನ ಒಳಗೆ ದೀಪ ಇರುವುದನ್ನು ತಗೊಳ್ಳಿ. ಪೇಟೆಯಲ್ಲಿ ಅದು ಚಂದಕ್ಕೆ. ಕತ್ತಲೆಯ ನಡುಮನೆಯಲ್ಲಿ ಅದು ಕೆಲಸಕ್ಕೆ.

ಅಗ್ಗದ ಹೊಸದು: ನಾನು ಮೊದಲು ತಂದದ್ದು

ಮೊದಲನೆಯದನ್ನು ಬೆಲೆ ನೋಡಿ ತಂದೆ. ಹೊಸ ಡಬ್ಬಿ, ತೆಳ್ಳಗೆ, ಹಗುರ. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಬಳಸುವ ಮೆಮೊರಿ, ಇಎಂಎಂಸಿ ಅಂದರೆ ಫೈಲು ಇಡುವ ಜಾಗ. "ಡೆಸ್ಕ್‌ಟಾಪ್ ಇದೆಯಲ್ಲ, ಇದು ಸಾಕು" ಎಂದುಕೊಂಡೆ.

ಆಗಸ್ಟ್ ತಿಂಗಳು. ಊರಿನ ಸಹಕಾರ ಸಂಘದ ವಾರ್ಷಿಕ ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ರಾತ್ರಿ ಜಮಾ ಖರ್ಚಿನ ಪುಟ ತಿದ್ದಲು ಕುಳಿತೆ. ಫೋನಿನ ಹಾಟ್‌ಸ್ಪಾಟ್ ಹಚ್ಚಿದ್ದೇ ತಡ, ವಿಂಡೋಸ್ ಅಪ್‌ಡೇಟ್ ಇಳಿಯಲು ಶುರುವಾಯಿತು. 64 ಜಿಬಿ ಅಂದರೆ ಕಾಣುವುದು 58 ಜಿಬಿ ಹತ್ತಿರ. ಅದರಲ್ಲಿ ವಿಂಡೋಸ್, ಆಫೀಸ್, ಬ್ರೌಸರ್ ಎಲ್ಲಾ ಕೂತ ಮೇಲೆ ನನಗೆ ಉಳಿದಿದ್ದು ನಾಲ್ಕೈದು ಜಿಬಿ. ಅಪ್‌ಡೇಟ್ ಅರ್ಧಕ್ಕೆ ಬಂದು "ಜಾಗ ಸಾಲದು" ಎಂದಿತು. ಬಂದ್ ಮಾಡಿ ಹಚ್ಚಿದರೆ ಮತ್ತೆ ಮೊದಲಿನಿಂದ. 'ಕ' ಒತ್ತಿದರೆ ಮೂರು ಸೆಕೆಂಡ್ ಆದ ಮೇಲೆ ಪರದೆಯಲ್ಲಿ 'ಕ' ಬರುತ್ತಿತ್ತು. ಹನ್ನೆರಡೂವರೆಗೆ ಬಿಟ್ಟುಬಿಟ್ಟೆ. ಹಳೆಯ ಪ್ರತಿಯ ಮೇಲೆ ಪೆನ್ನಿನಲ್ಲಿ ತಿದ್ದಿ, ಬೆಳಿಗ್ಗೆ ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ ಒಂದು ಡಿಟಿಪಿ ಸೆಂಟರಿನಲ್ಲಿ ಮಾಡಿಸಿಕೊಂಡು ಬಂದೆ.

ಇಎಂಎಂಸಿ ಅಂದರೆ ಮೆಮೊರಿ ಕಾರ್ಡಿನ ಜಾತಿಯದು. ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ತೆಗೆದು ದೊಡ್ಡದು ಹಾಕಲು ಬರುವುದಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಷ್ಟರಲ್ಲಿ ವಿಂಡೋಸ್ ಏಳುತ್ತದೆ, ನಿಮ್ಮ ಕೆಲಸ ಏಳುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಆದರೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇದಕ್ಕಿಂತ ಕೆಳಗಿನದನ್ನು ಯಾರು ಎಷ್ಟು ಕಡಿಮೆಗೆ ಕೊಟ್ಟರೂ ನಾನು ಬೇಡ ಎನ್ನುತ್ತೇನೆ.

ಪ್ರೊಸೆಸರ್ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ಇಂಟೆಲ್ 2023ರಿಂದ ಲ್ಯಾಪ್‌ಟಾಪ್‌ಗಳಲ್ಲಿ ಪೆಂಟಿಯಂ, ಸೆಲೆರಾನ್ ಎಂಬ ಹೆಸರು ಕೈಬಿಟ್ಟಿದೆ. ಅವುಗಳ ಜಾಗಕ್ಕೆ ಬಂದ ಎನ್100, ಎನ್200 ಚಿಪ್‌ಗಳು 6 ವಾಟಿನವು. ಬರೆಯಲು, ಓದಲು, ಲೆಕ್ಕದ ಹಾಳೆಗೆ ಧಾರಾಳ ಸಾಕು. ಜೊತೆಗೆ 8 ಜಿಬಿ ರ‍್ಯಾಮ್, ನಿಜವಾದ ಎಸ್‌ಎಸ್‌ಡಿ ಇದ್ದರೆ ಎನ್100ರ ಲ್ಯಾಪ್‌ಟಾಪ್ ಒಳ್ಳೆಯ ಜೊತೆಗಾರ.

ಕ್ರೋಮ್‌ಬುಕ್ ಮತ್ತು ನಮ್ಮ ಕನ್ನಡ

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಮೇಲೆ ನಡೆಯುವ ಲ್ಯಾಪ್‌ಟಾಪ್ ಕ್ರೋಮ್‌ಬುಕ್. ಅದರ ಬಗ್ಗೆ ನನಗೆ ಗೌರವ ಇದೆ. ಬೇಗ ಏಳುತ್ತದೆ, ಬ್ಯಾಟರಿ ಚೆನ್ನಾಗಿ ಬರುತ್ತದೆ, 4 ಜಿಬಿಯಲ್ಲೂ ತಕ್ಕಮಟ್ಟಿಗೆ ನಡೆಯುತ್ತದೆ. 2021 ಮತ್ತು ಆಮೇಲಿನ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಗೂಗಲ್ ಹೇಳಿದೆ. ಆ ಹತ್ತು ವರ್ಷ ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಬಂದ ದಿನದಿಂದ. ಕೊನೆಯ ತಾರೀಖು ಯಾವುದು ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಬಹುದು. ಆನ್‌ಲೈನ್ ಪಾಠ, ಮೇಲ್, ಯೂಟ್ಯೂಬ್ ಇಷ್ಟೇ ಬೇಕಾದವರು, ಮನೆಯಲ್ಲಿ ಒಳ್ಳೆಯ ವೈಫೈ ಇದ್ದವರು ಕಣ್ಣುಮುಚ್ಚಿ ತರಬಹುದು.

ಆದರೆ ಕನ್ನಡದಲ್ಲಿ ಕೆಲಸ ಮಾಡುವವರು ಸ್ವಲ್ಪ ತಡೆಯಿರಿ. ಕ್ರೋಮ್‌ಬುಕ್‌ನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತದೆ, ಅದರಲ್ಲಿ ತೊಂದರೆ ಇಲ್ಲ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಮಾತ್ರ ನಡೆಯುವುದಿಲ್ಲ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ ವಿಂಡೋಸ್‌ಗೆ ಇರುವುದು. ನಮ್ಮಲ್ಲಿ ಸಂಘ ಸಂಸ್ಥೆ, ಪಂಚಾಯ್ತಿ, ಶಾಲೆಗಳ ಹಳೆಯ ಫೈಲುಗಳು ಹೆಚ್ಚಾಗಿ ನುಡಿಯ ಹಳೆಯ ಫಾಂಟಿನಲ್ಲಿ ಇವೆ. ಎಲ್ಲಾ ಯಂತ್ರಗಳಲ್ಲೂ ಒಂದೇ ಥರ ಓದಲು ಬರುವ ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಹೋದ ವರ್ಷದ ವರದಿಯನ್ನೇ ತಿದ್ದಿ ಈ ವರ್ಷದ್ದು ಮಾಡುವವರಿಗೆ ಇದು ದೊಡ್ಡ ತಡೆ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಬೇಕಾದವರಿಗೂ, ಡಿಜಿಟಲ್ ಸಹಿಯ ಡಾಂಗಲ್ ಬಳಸುವವರಿಗೂ ಇದೇ ಮಾತು. ವಿಂಡೋಸೇ ಬೇಕು.

ಹೊಸದಾಗಿ ಬರೆಯುವುದನ್ನೆಲ್ಲಾ ದಯವಿಟ್ಟು ಯುನಿಕೋಡ್‌ನಲ್ಲಿ ಬರೆಯಿರಿ. ಹುಡುಕಿದರೆ ಸಿಗುತ್ತದೆ, ಫೋನಿನಲ್ಲೂ ಓದಲು ಬರುತ್ತದೆ, ಹತ್ತು ವರ್ಷದ ನಂತರವೂ ತೆರೆಯುತ್ತದೆ. ವಿಂಡೋಸ್‌ನಲ್ಲಿ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಇದೆ. ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸಕ್ಕೆ ಬೆರಳು ಒಗ್ಗಿದವರಿಗೆ ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ತುಂಗಾ ಹೊಳೆಯ ದಂಡೆಯ ಊರಿನವನಾದ ನನಗೆ ಫಾಂಟುಗಳ ಪಟ್ಟಿಯಲ್ಲಿ ಆ ಹೆಸರು ಕಂಡಾಗಲೆಲ್ಲಾ ಖುಷಿ. ಈಗಿನ ವಿಂಡೋಸ್‌ನಲ್ಲಿ ಅದು ತಾನಾಗಿ ಬರುವುದಿಲ್ಲ. ಐಚ್ಛಿಕ ಫಾಂಟುಗಳಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಿಗುತ್ತದೆ.

ಕೀಬೋರ್ಡ್ ಜೋಡಿಸಿದ ಟ್ಯಾಬ್ಲೆಟ್ ಬಗ್ಗೆಯೂ ಕೇಳುತ್ತಾರೆ. ಓದಲು, ನೋಡಲು ಚೆನ್ನ. ನಾಲ್ಕು ಪುಟ ಟೈಪ್ ಮಾಡುವವರಿಗೆ ಹೇಳಿದ್ದಲ್ಲ.

ಕಂಪನಿಗಳು ಬಳಸಿ ಬಿಟ್ಟದ್ದು

ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಒಟ್ಟಿಗೆ ನೂರಾರು ಲ್ಯಾಪ್‌ಟಾಪ್ ಮಾರಿಬಿಡುತ್ತವೆ. ಅದನ್ನು ಒರೆಸಿ, ರಿಪೇರಿ ಮಾಡಿ ಮಾರುವುದಕ್ಕೆ ರಿಫರ್ಬಿಶ್ಡ್ ಎನ್ನುತ್ತಾರೆ. ಹೊಸ ಸಾದಾ ಲ್ಯಾಪ್‌ಟಾಪಿನ ಅರ್ಧ ಬೆಲೆಯ ಆಸುಪಾಸಿಗೆ ಸಿಗುತ್ತದೆ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 7490, ಎಚ್‌ಪಿ ಎಲೈಟ್‌ಬುಕ್ 840 ಜಿ5, ಈ ಮೂರೂ 2018ರ ಮಾದರಿಗಳು. ತೂಕ ಒಂದೂವರೆ ಕೆಜಿ ಆಸುಪಾಸು. ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತವೆ. ಕೀಬೋರ್ಡ್ ಮೇಲೆ ಬೆರಳಿಟ್ಟರೇ ಗೊತ್ತಾಗುತ್ತದೆ, ಇವು ದಿನಕ್ಕೆ ಎಂಟು ಗಂಟೆ ಬಡಿಯುವವರಿಗಾಗಿ ಮಾಡಿದವು ಎಂದು.

ನನ್ನ ಕೈಯಲ್ಲಿರುವುದು ಟಿ480. ಅದಕ್ಕೆ ಎರಡು ಬ್ಯಾಟರಿ. ಒಂದು ಒಳಗೆ, 24 ವಾಟ್ ಅವರ್. ಇನ್ನೊಂದು ಹಿಂದೆ, ಬೆರಳಲ್ಲಿ ಕಳಚುವಂಥದ್ದು. ಒಳಗಿನದರ ಮೇಲೆ ನಡೆಯುತ್ತಿರುವಾಗಲೇ ಹಿಂದಿನದನ್ನು ಬದಲಿಸಬಹುದು, ಬಂದ್ ಮಾಡಬೇಕಾಗಿಲ್ಲ. ನಾನು ಒಂದು ಹೆಚ್ಚಿನ ಬ್ಯಾಟರಿ ಕೊಂಡು ಚಾರ್ಜ್ ಮಾಡಿ ಚೀಲದಲ್ಲಿ ಇಟ್ಟಿರುತ್ತೇನೆ. ಪುನರ್ವಸು ಮಳೆ ಹೊಯ್ಯುವಾಗ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ?

ಆದರೆ ಇಲ್ಲಿ ಕಣ್ಣು ತೆರೆದು ಕೊಳ್ಳಬೇಕು. ಹೋದ ಬೇಸಿಗೆಯಲ್ಲಿ ತಂಗಿಯ ಮಗನ ಜೊತೆ ಇಂಥದ್ದೇ ಒಂದು ಅಂಗಡಿಗೆ ಹೋಗಿದ್ದೆ. ಅವನು ಒಂದನ್ನು ಎತ್ತಿ ಹಿಡಿದು "ಮಾವ, ಇದು ಐ7 ಅಂತೆ, ಬೆಲೆನೂ ಕಡಿಮೆ" ಎಂದ. ತಿರುಗಿಸಿ ನೋಡಿದೆ. ಐ7-6600ಯು. "ಐ7 ಆಮೇಲೆ ನೋಡೋ, ಅದರ ಪಕ್ಕದ ಅಂಕೆ ಓದು" ಎಂದೆ. ಅಲ್ಲಿ 6 ಇದೆ. ಆರನೇ ತಲೆಮಾರು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಕ್ಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 14 ಅಕ್ಟೋಬರ್ 2025ಕ್ಕೆ ಬೆಂಬಲ ನಿಲ್ಲಿಸಿದೆ. ಅಂಥದ್ದನ್ನು ಬ್ಯಾಂಕಿನ ಕೆಲಸಕ್ಕೆ ಬಳಸುವುದು ಸರಿಯಲ್ಲ. ಪಕ್ಕದಲ್ಲೇ ಒಂದು ಐ5-8250ಯು ಇತ್ತು. ಆ ಐ7ರಲ್ಲಿ ಕೆಲಸ ಮಾಡುವ ಕೋರ್ ಎಂಬ ಘಟಕಗಳು ಎರಡು, ಈ ಐ5ರಲ್ಲಿ ನಾಲ್ಕು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. 10ನೇ ತಲೆಮಾರು ಮತ್ತು ಅದಕ್ಕಿಂತ ಮೇಲಿನವಕ್ಕೆ ಮೊದಲ ಎರಡು ಅಂಕೆ ಸೇರಿಸಿ ಓದಬೇಕು.

ಆಮೇಲೆ ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ ಎಂದು ಅಂಗಡಿಯವರನ್ನು ಕೇಳಿದೆ. ಎರಡು ನಿಮಿಷದ ಕೆಲಸ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಸಾಲು ಇರುತ್ತದೆ. ಹುಟ್ಟುವಾಗ ಎಷ್ಟಿತ್ತು, ಈಗ ಎಷ್ಟು ಹಿಡಿಯುತ್ತದೆ ಎನ್ನುವ ಲೆಕ್ಕ. ಹುಟ್ಟುವಾಗ 50 ಇದ್ದದ್ದು ಈಗ 31. ಅಂದರೆ ಮೂರು ಗಂಟೆ. "ಸರ್, ಬೇರೆ ಬ್ಯಾಟರಿ ಹಾಕಿಕೊಡ್ತೀನಿ" ಎಂದರು. ಹಾಕಿಸಿಕೊಂಡು, ಮತ್ತೊಮ್ಮೆ ರಿಪೋರ್ಟ್ ತೆಗೆಸಿ ನೋಡಿಯೇ ದುಡ್ಡು ಕೊಟ್ಟದ್ದು. ಎಂಬತ್ತು ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಂತೆ ಕಂಡರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಮುಟ್ಟಲೇಬೇಡಿ.

ಪೂರ್ತಿ ಬಂದ್ ಮಾಡಿ ಮತ್ತೆ ಹಚ್ಚಿಸಿ. ವಿಂಡೋಸ್ ಏಳುವ ಮೊದಲೇ ಬಯೋಸ್ ಪಾಸ್‌ವರ್ಡ್ ಕೇಳಿದರೆ, ಇಲ್ಲವೇ ಯಾವುದೋ ಕಂಪನಿಯ ಹೆಸರಿನ ಲಾಗಿನ್ ಬಂದರೆ, ಹಳೆಯ ಮಾಲೀಕರ ಬೀಗ ಇನ್ನೂ ಹೋಗಿಲ್ಲ ಎಂದರ್ಥ. ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿ. ಸ್ಪೇಸ್ ಪಕ್ಕದ ಕೀಗಳನ್ನು ಮರೆಯಬೇಡಿ. ಪರದೆಯನ್ನು ಎರಡು ಬೆರಳಲ್ಲಿ ಹಿಂದಕ್ಕೆ ಮುಂದಕ್ಕೆ ಆಡಿಸಿ, ಕೀಲು ಕಿರಗುಟ್ಟುತ್ತದಾ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಎನ್ನುವುದನ್ನು ಬರೆಸಿಕೊಳ್ಳಿ.

ಹೊಸ ಐ3, ರೈಜೆನ್ 3

ಸೆಕೆಂಡ್ ಹ್ಯಾಂಡ್ ಬೇಡ, ಮನಸ್ಸಿಗೆ ಸಮಾಧಾನ ಬೇಕು ಎನ್ನುವವರಿಗೆ ಇದು. ಇಂಟೆಲ್ ಐ3-1215ಯು, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ ಇರುವ ಒಂದು ಲ್ಯಾಪ್‌ಟಾಪ್ ನಾಲ್ಕೈದು ವರ್ಷ ಆರಾಮಾಗಿ ಬರುತ್ತದೆ. ಎಎಂಡಿ ಕಡೆ ರೈಜೆನ್ 3 7320ಯು ಜಾಸ್ತಿ ಕಾಣುತ್ತದೆ. 7ರಿಂದ ಶುರುವಾದರೂ ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ. ಸಾದಾ ಕೆಲಸಕ್ಕೆ ಸಾಕು. ಆದರೆ ಅದರ ರ‍್ಯಾಮ್ ಬೋರ್ಡಿಗೆ ಅಂಟಿಕೊಂಡೇ ಬರುತ್ತದೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಕೊಳ್ಳುವಾಗಲೇ 8 ಜಿಬಿ ಇರಬೇಕು. 2025ರ ಕೊನೆಯಿಂದ ಮೆಮೊರಿ ಚಿಪ್ ಬೆಲೆ ಏರಿದೆ, ಎಐ ಡೇಟಾ ಸೆಂಟರ್‌ಗಳು ಬಾಚಿಕೊಳ್ಳುತ್ತಿರುವುದರಿಂದ. 'ಈಗ 4 ತಗೊಳ್ಳೋಣ, ಮುಂದಿನ ವರ್ಷ 4 ಹಾಕಿಸೋಣ' ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ.

ವಾರಂಟಿ ಬಗ್ಗೆ ಒಂದು ಮಾತು. ಆನ್‌ಸೈಟ್ ಎಂದು ಬರೆದಿದ್ದರೂ ನಿಮ್ಮ ಪಿನ್ ಕೋಡಿಗೆ ಇದೆಯಾ ಎಂದು ಮೊದಲೇ ಕೇಳಿ. 577201ಕ್ಕೆ ಬರುವವರು 577432ಕ್ಕೂ ಬರುತ್ತಾರೆ ಎಂದೇನಿಲ್ಲ. ಬರುವುದಿಲ್ಲ ಎಂದಾದರೆ ಲ್ಯಾಪ್‌ಟಾಪ್ ಹೊತ್ತು ನಾವೇ ಹೋಗಬೇಕು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ. ಅಲ್ಲೂ ಆಗದಿದ್ದರೆ ಬೆಂಗಳೂರು.

ಪರದೆ: ಅಪ್ಪಯ್ಯನ ಕಣ್ಣಿಗೆ

ಹೊಸದಿರಲಿ, ಹಳೆಯದಿರಲಿ, ಪರದೆಯನ್ನು ಕೂತು ನೋಡಿ. ಅಂಗಡಿಯಲ್ಲಿ ನಿಂತು ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತದೆ.

ಊರಿನಲ್ಲಿ ನಾನು ಕೂರುವುದು ಜಗಲಿಯ ಕಟ್ಟೆ ಮೇಲೆ. ಅಪ್ಪಯ್ಯ ಪಕ್ಕದಲ್ಲಿ ಬಂದು ಕೂರುತ್ತಾರೆ. ಪಹಣಿ ತೆಗೆದು ತೋರಿಸಬೇಕು, ಸರ್ವೆ ನಂಬರ್ ಓದಬೇಕು. ಹಳೆಯ ಟಿಎನ್ ಪರದೆಯಾದರೆ ನೇರ ಕೂತ ನನಗೆ ಕಾಣುತ್ತದೆ, ಪಕ್ಕದ ಅವರಿಗೆ ಬಿಳಿಚಿಕೊಂಡು ಕಾಣುತ್ತದೆ. "ಏನೂ ಕಾಣ್ತಿಲ್ಲ ಮಾರಾಯ, ಈ ಕಡೆ ತಿರುಗಿಸು" ಎನ್ನುತ್ತಾರೆ. ಐಪಿಎಸ್ ಪರದೆಯಲ್ಲಿ ಈ ತಕರಾರು ಇಲ್ಲ. ಯಾವ ಕಡೆಯಿಂದ ನೋಡಿದರೂ ಬಣ್ಣ ಹಾಗೇ ಇರುತ್ತದೆ. ಹೊಳೆಯುವ ಪರದೆ ಬೇಡ, ಅದರಲ್ಲಿ ಅಂಗಳದ ಬೆಳಕು, ತೋಟ ಎಲ್ಲಾ ಕನ್ನಡಿಯ ಹಾಗೆ ಕಾಣುತ್ತದೆ. ಬೆಳಕಿನ ಅಳತೆ 250 ನಿಟ್ಸ್ ಇದ್ದರೆ ಮನೆಯೊಳಗೆ ಸಾಕು, ಜಗಲಿಗೆ 300 ಇದ್ದರೆ ಹಿತ.

ಕನ್ನಡ ಓದುವವರು ಇನ್ನೊಂದು ನೋಡಬೇಕು. 1366×768 ಪರದೆಯಲ್ಲಿ ಸಣ್ಣ ಅಕ್ಷರದ ಒತ್ತುಗಳು ಕಲಸಿಕೊಳ್ಳುತ್ತವೆ. 'ಲಕ್ಷ್ಮಿ', 'ಸ್ತ್ರೀಶಕ್ತಿ' ಎಂದು ಟೈಪ್ ಮಾಡಿ, ಅಕ್ಷರದ ಗಾತ್ರ 11ಕ್ಕೆ ಇಳಿಸಿ ನೋಡಿ. 1920×1080ರಲ್ಲಿ ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ರಿಫರ್ಬಿಶ್ಡ್ ಮಾಲಿನಲ್ಲಿ ಒಂದೇ ಮಾದರಿಗೆ ಎರಡೂ ಥರದ ಪರದೆ ಇರುತ್ತದೆ, ಕೇಳಿ ಆರಿಸಿ. ಗಾತ್ರ 14 ಇಂಚು ಸಾಕು. 15.6 ಇಂಚಿನದು ಬಸ್ಸಿನಲ್ಲಿ ತೊಡೆ ಮೇಲೆ ಕೂರುವುದಿಲ್ಲ, ತೂಕವೂ ಜಾಸ್ತಿ. ದೊಡ್ಡ ಪರದೆ ಬೇಕಾದಾಗ ಶಿವಮೊಗ್ಗದಲ್ಲಿ ಡೆಸ್ಕ್‌ಟಾಪಿನ ಮಾನಿಟರ್ ಇದೆಯಲ್ಲ. ಎಚ್‌ಡಿಎಂಐ ಕೇಬಲ್ ಒಂದು ಸಿಕ್ಕಿಸಿದರೆ ಲ್ಯಾಪ್‌ಟಾಪ್ ಅದರಲ್ಲೇ ಕಾಣುತ್ತದೆ. ಡೆಸ್ಕ್‌ಟಾಪ್ ಕೆಟ್ಟ ದಿನ ನನ್ನ ಕೆಲಸ ನಿಲ್ಲದೇ ಇದ್ದದ್ದು ಈ ಕೇಬಲ್ಲಿನಿಂದ.

ಎರಡೂ ಒಂದೇ ಕೆಲಸ ಮಾಡಬೇಕಲ್ಲ

ಎರಡು ಯಂತ್ರ ಇದ್ದರೆ ಒಂದು ಗೊಂದಲ ಗ್ಯಾರಂಟಿ. ಯಾವ ಫೈಲು ಹೊಸದು? ಪೆನ್‌ಡ್ರೈವ್‌ನಲ್ಲಿ ಹಾಕಿ ಒಯ್ದು, 'ಫೈನಲ್', 'ಫೈನಲ್ 2' ಎಂದು ಹೆಸರಿಟ್ಟು ಕೊನೆಗೆ ಹಳೆಯದನ್ನೇ ಪ್ರೆಸ್ಸಿಗೆ ಕಳಿಸಿದವರನ್ನು ನೋಡಿದ್ದೇನೆ.

ಡೆಸ್ಕ್‌ಟಾಪ್ ಶಿವಮೊಗ್ಗದಲ್ಲಿ ಇರಲಿ, ಊರಿನಿಂದ ರಿಮೋಟ್‌ನಲ್ಲಿ ಬಳಸೋಣ ಎನ್ನುವುದು ಕೇಳಲು ಚೆನ್ನ. ವಿಂಡೋಸ್ ಹೋಮ್ ಇರುವ ಡೆಸ್ಕ್‌ಟಾಪ್ ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪನ್ನು ಒಪ್ಪುವುದಿಲ್ಲ, ಅದಕ್ಕೆ ಪ್ರೊ ಬೇಕು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಆದರೆ ಉಚಿತ, ಹೋಮ್‌ನಲ್ಲೂ ನಡೆಯುತ್ತದೆ. ಆದರೆ ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇರುವ ಊರಿನಲ್ಲಿ ಅದನ್ನು ನಂಬಿ ಕೆಲಸ ಒಪ್ಪಿಕೊಳ್ಳಬೇಡಿ. ಫೈಲು ಲ್ಯಾಪ್‌ಟಾಪ್‌ನಲ್ಲೇ ಇರಬೇಕು.

ನಾನು ಮಾಡುವುದು ಇಷ್ಟು. 'ನಡೆಯುತ್ತಿರುವ ಕೆಲಸ' ಎಂಬ ಒಂದೇ ಫೋಲ್ಡರ್. ಎರಡೂ ಯಂತ್ರದಲ್ಲಿ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ. ಮನೆಯ ವೈಫೈನಲ್ಲಿ ಎರಡೂ ಹಚ್ಚಿದ್ದರೆ ತಾವೇ ಒಂದನ್ನೊಂದು ನೋಡಿ ಸರಿಮಾಡಿಕೊಳ್ಳುತ್ತವೆ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿ ಮಿತಿಯ ಚಿಂತೆ ಇಲ್ಲ. ಶನಿವಾರ ಹೊರಡುವ ಮೊದಲು ಹತ್ತು ನಿಮಿಷ ಎರಡನ್ನೂ ಹಚ್ಚಿಟ್ಟು, ಊಟ ಮಾಡಿ ಬಂದು ನೋಡುತ್ತೇನೆ. ಒಂದೇ ಫೈಲನ್ನು ಎರಡೂ ಕಡೆ ತಿದ್ದಿದ್ದರೆ ಅದು ಎರಡು ಪ್ರತಿಯನ್ನೂ ಉಳಿಸಿಕೊಳ್ಳುತ್ತದೆ, ಯಾವುದು ಸರಿ ಎಂದು ನಾವು ಆರಿಸಬೇಕು. ಮತ್ತೆ, ಎರಡರಲ್ಲೂ ಒಂದೇ ಫಾಂಟುಗಳನ್ನು ಹಾಕಿ. ಒಂದು ಫಾಂಟ್ ಇಲ್ಲದಿದ್ದರೂ ಸಾಲು ಜಾರಿ ಪುಟ ಬದಲಾಗುತ್ತದೆ, ಎಂಟು ಪುಟದ ವರದಿ ಒಂಬತ್ತಾಗುತ್ತದೆ.

ಮಳೆಗಾಲದಲ್ಲಿ ಇಟ್ಟುಕೊಳ್ಳುವುದು

ಚಪ್ಪಲಿಗೆ, ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುವ ಮನೆಯಲ್ಲಿ ಲ್ಯಾಪ್‌ಟಾಪನ್ನು ಕಪಾಟಿನೊಳಗೆ ತಿಂಗಳುಗಟ್ಟಲೆ ಇಡಬೇಡಿ. ವಾರಕ್ಕೆ ಎರಡು ಸಲವಾದರೂ ಒಂದು ಗಂಟೆ ಹಚ್ಚಿ. ಒಳಗಿನ ಬಿಸಿಗೇ ತೇವ ಆರುತ್ತದೆ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಎರಡು ಇರಲಿ. ಬಸ್ಸಿನಿಂದ ಇಳಿದು ನೆನೆದುಕೊಂಡು ಬಂದಾಗ ಕೂಡಲೇ ಹಚ್ಚಬೇಡಿ, ಒಲೆಯ ಪಕ್ಕದಲ್ಲೂ ಇಡಬೇಡಿ, ಒರೆಸಿ ಅರ್ಧ ಗಂಟೆ ಬಿಡಿ. ಚಹಾ ಲೋಟದ ಸಕ್ಕರೆ ಕೀಬೋರ್ಡಿಗೆ ಬಿದ್ದರೆ ರಾತ್ರಿಯೊಳಗೆ ಇರುವೆ ಒಳಗೆ ಹೋಗುತ್ತದೆ.

ಚಾರ್ಜಿಗೆ ಹಾಕಿದಾಗ ಲೋಹದ ಮೈ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತದಾ? ಹೆಚ್ಚಾಗಿ ಗೋಡೆಯ ಸಾಕೆಟ್ಟಿಗೆ ಸರಿಯಾದ ಅರ್ತಿಂಗ್ ಇಲ್ಲದ್ದೇ ಕಾರಣ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಮನೆಯವರ ಜೀವಕ್ಕೂ ಅದು ಬೇಕು. ಗುಡುಗು ದೂರದಲ್ಲಿ ಕೇಳಿದಾಗಲೇ ಅಡಾಪ್ಟರ್ ಕಿತ್ತುಬಿಡಿ. ಇಂಟರ್ನೆಟ್ ಕೇಬಲ್ ಸಿಕ್ಕಿಸಿದ್ದರೆ ಅದನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ತಾಮ್ರದ ತಂತಿಯ ಆ ದಾರಿಯಲ್ಲೂ ಒಳಗೆ ಬರುತ್ತದೆ.

ನನ್ನ ಆಯ್ಕೆ ಕೇಳಿದರೆ: ಹಳ್ಳಿಯ ಮನೆಗೆ, ಕನ್ನಡ ಟೈಪಿಂಗ್‌ಗೆ, ಓಡಾಟಕ್ಕೆ ಎಂಟನೇ ತಲೆಮಾರಿನ ರಿಫರ್ಬಿಶ್ಡ್, ಹೊಸ ಬ್ಯಾಟರಿ ಹಾಕಿಸಿ. ಸಮಾಧಾನ ಮುಖ್ಯ ಎನ್ನುವವರಿಗೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಹೊಸ ಐ3. ನೋಡಲು ಓದಲು ಮಾತ್ರ ಎಂದರೆ ಕ್ರೋಮ್‌ಬುಕ್.

ಮನೆಗೆ ತಂದ ದಿನವೇ ಒಂದು ಕೆಲಸ ಮಾಡಿ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಹಾಟ್‌ಸ್ಪಾಟ್ ಹೆಸರು ಒತ್ತಿ, 'ಮೀಟರ್ಡ್ ಕನೆಕ್ಷನ್' ಎಂಬ ಗುಂಡಿ ಹಚ್ಚಿ. ಆಗ ದೊಡ್ಡ ಅಪ್‌ಡೇಟ್‌ಗಳು ಊರಿನಲ್ಲಿ ತಾವಾಗಿ ಇಳಿಯುವುದಿಲ್ಲ, ಶಿವಮೊಗ್ಗದ ವೈಫೈಗೆ ಬರುವ ತನಕ ಕಾಯುತ್ತವೆ. ಫೋನ್ ಬದಲಿಸಿದರೆ ಹಾಟ್‌ಸ್ಪಾಟಿನ ಹೆಸರೂ ಬದಲಾಗುತ್ತದೆ, ಆಗ ಇದನ್ನು ಮತ್ತೆ ಮಾಡಬೇಕು.